ಕಾಕುವಿನ ಸವತಿ

ಹೋದ ವಾರ ಪುಣೆಯ ಕ್ಯಾಂಪ್ ಪೇಟೆಯಲ್ಲಿ, ನಮ್ಮ ಆಫೀಸಿನ ಹಿಂದಿನ ಓಣಿಯಲ್ಲಿ ನಡೆದು ಹೋಗುವಾಗ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ಬಹಳ ದಿನ ಮುಚ್ಚಿದ್ದ ಸೈಕಲ್ ಅಂಗಡಿಯೊಂದು ಮತ್ತೆ ತೆರೆದಿದೆ. ಆದರೆ ಈಗ ಅಲ್ಲಿ ಬೇರೆಯದೇ ವ್ಯಾಪಾರ. ಎಲ್ಲಿಂದಲೋ ಹಳೆಯ ರೇಸರ್ ಸೈಕಲ್ಲುಗಳನ್ನು ಹುಡುಕಿ ತಂದು, ಅವುಗಳ ಬಾಗಿದ ಹ್ಯಾಂಡಲ್ ಬಿಚ್ಚಿ, ಬೆನ್ನು ನೆಟ್ಟಗಿಟ್ಟುಕೊಂಡು ಓಡಿಸುವ ಹ್ಯಾಂಡಲ್ ಹಾಕುತ್ತಾರೆ. ಅಗಲವಾದ ಸೀಟು, ಮುಂದೊಂದು ಬೆತ್ತದ ಬುಟ್ಟಿ... ಹರೆಯದವರು ಮುಗಿಬಿದ್ದು ಕೊಳ್ಳುತ್ತಾರಂತೆ. ಬಾಗಿಲ ಬಳಿ ಬಿಚ್ಚಿಟ್ಟ ಹ್ಯಾಂಡಲ್ಲುಗಳ ರಾಶಿ ಬಿದ್ದಿತ್ತು. ಒಂದಕ್ಕೆ ಸುತ್ತಿದ್ದ ಬಟ್ಟೆಯ ಪಟ್ಟಿ ಯಾರದೋ ಬೆವರು ಕುಡಿದು ಕಪ್ಪಾಗಿ ಗಟ್ಟಿಯಾಗಿತ್ತು. ಸುಮ್ಮನೆ ಮುಟ್ಟಿ ನಿಂತೆ. ಏನು ಬೇಕು ಎಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದ. ಏನೂ ಬೇಡ ಎಂದೆ. ನಿಜ ಹೇಳಬೇಕೆಂದರೆ ನನಗೆ ಆ ಕ್ಷಣ ನಮ್ಮ ಕೆಳಗಿನ ಮನೆಯ ಕಾಕು ಬೇಕಾಗಿದ್ದರು.

ನಾನು ಮದುವೆಯಾಗಿ ಧಾರವಾಡದಿಂದ ಪುಣೆಯ ಕೊಂಢವಾಕ್ಕೆ ಬಂದ ಹೊಸತು. ನನ್ನ ಗಂಡನದು ಶಿಫ್ಟಿನ ಕೆಲಸ. ಹಗಲೆಲ್ಲ ಒಬ್ಬಳೇ ಕೂತು ಗೋಡೆಯ ಜೊತೆ ಮಾತಾಡುವುದೊಂದು ಬಾಕಿ ಇತ್ತು. ಒಂದು ಬೆಳಿಗ್ಗೆ ಕೆಳಗೆ ಗೇಟಿನ ಹತ್ತಿರ ಹೆಂಗಸೊಬ್ಬರು ತರಕಾರಿಯವನಿಗೆ, “ಭಾಜಿ ಛಲೋ ನಾಹೀ ಭಾವೂ” ಎಂದು ಗದರುವುದು ಕೇಳಿಸಿತು. ನಮ್ಮ ಧಾರವಾಡದ ಆ ‘ಛಲೋ’ ಕೇಳಿ ಜೀವ ಬಂದಂತಾಗಿ ಮೆಟ್ಟಿಲು ಇಳಿದು ಓಡಿದೆ. ಅವರೇ ನಾನು ಮುಂದೆ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆದವರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನಮ್ಮ ಕಡೀಯಾಕೀನ ಏನ ತಂಗಿ?” ಎಂದರು. ಅವತ್ತಿನ ಮಧ್ಯಾಹ್ನದ ರೊಟ್ಟಿ ಅವರ ಮನೆಯಲ್ಲೇ ಆಯಿತು.

ಪುಣೆಯಲ್ಲಿ ತಲೆ ಬೆಳ್ಳಗಾದರೂ ಕಾಕುವಿಗೆ ಮರಾಠಿ ಒಲಿದಿರಲಿಲ್ಲ. ಹಾಗೆಂದು ಅವರು ಅದನ್ನು ಬಿಟ್ಟವರೂ ಅಲ್ಲ. ಕನ್ನಡ ಶಬ್ದದ ಬಾಲಕ್ಕೆ ಒಂದು ‘ಆಹೇ’ ಅಂಟಿಸಿದರೆ ಮರಾಠಿ ಆಯಿತು ಎಂಬುದು ಅವರ ವ್ಯಾಕರಣ. ಇಲ್ಲಿ ಹಳೆ ಕಬ್ಬಿಣ, ಗುಜರಿಗೆ ಭಂಗಾರ ಎನ್ನುತ್ತಾರೆ. ಹೊಸದಾಗಿ ಬಂದಾಗ ಗುಜರಿಯವನು ಓಣಿಯಲ್ಲಿ ‘ಭಂಗಾರ, ಭಂಗಾರ’ ಎಂದು ಕೂಗುತ್ತಾ ಬಂದದ್ದಕ್ಕೆ, ಹಾಡಹಗಲೇ ಬಂಗಾರ ಕೇಳುತ್ತಿದ್ದಾನೆಂದು ಕಾಕು ಕೊರಳಲ್ಲಿದ್ದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಿಗೆ ಚಿಲಕ ಹಾಕಿದ್ದರಂತೆ. ಅದನ್ನು ತಾವೇ ಹೇಳಿ ತಾವೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವರ ಮನೆಯ ಪಡಸಾಲೆಯಲ್ಲಿ ಒಂದು ರೇಸರ್ ಸೈಕಲ್ ಇತ್ತು. ಅದಕ್ಕೆ ಕಾಕು ಇಟ್ಟ ಹೆಸರು ಸವತಿ. ಕಾಕಾ, ಅಂದರೆ ಕಾಕುವಿನ ಯಜಮಾನರು, ವಿಜಯಪುರದ ಕಡೆಯವರು. ಆ ಸೀಮೆಯಲ್ಲಿ ಸೈಕಲ್ ರೇಸಿನ ಹುಚ್ಚು ಮೊದಲಿನಿಂದಲೂ ಇದೆ. ಹರೆಯದಲ್ಲಿ ಕಾಕಾ ಬಯಲು ದಾರಿಯ ಎದುರುಗಾಳಿಗೆ ತಲೆ ತಗ್ಗಿಸಿ ಓಡಿಸಿ ಗೆದ್ದವರು. ಆ ಗೆಲುವಿನ ಮೇಲೆಯೇ ಪುಣೆಯ ಕಾರ್ಖಾನೆಯೊಂದರಲ್ಲಿ ನೌಕರಿ ಸಿಕ್ಕಿತ್ತು. ಸೈಕಲ್ಲಿನ ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಮುಂದೆ ಚಾಚಿ ಕೆಳಗೆ ಸುತ್ತಿಕೊಂಡಿತ್ತು. ಸೀಟು ಅಂಗೈಯಷ್ಟು ಸಪೂರ. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಗಂಟೆಯೂ ಇಲ್ಲ. ಕಾಕಾ ದಿನಾ ಅದನ್ನು ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಅದರ ಮೇಲೆಯೇ ಕೆಲಸಕ್ಕೆ ಹೋಗುತ್ತಿದ್ದರು. ಕಸ ಗುಡಿಸುವಾಗ ಕಾಕುವಿನ ಪೊರಕೆ ಅದರ ಗಾಲಿಯನ್ನು ಸುತ್ತಿ ಬಳಸಿ ಹೋಗುತ್ತಿತ್ತೇ ಹೊರತು ಮುಟ್ಟುತ್ತಿರಲಿಲ್ಲ.

ಹೆಸರಿಗೆ ಕಾರಣವಿತ್ತು. ಮದುವೆಯಾಗಿ ಪುಣೆಗೆ ಬಂದ ಹೊಸದರಲ್ಲಿ ಕಾಕು ಗಂಡನಿಗೆ, ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿ ಕ್ಯಾಂಪ್ ತೋರಿಸಿ ಎಂದು ಕೇಳಿದ್ದರಂತೆ. ಇದು ಹಿಂದೆ ಹೆಂಡತಿಯನ್ನು ಕೂರಿಸುವ ಸೈಕಲ್ ಅಲ್ಲ ಎಂದು ಕಾಕಾ ಹೇಳಿದರು. ಆಮೇಲೆ ಪಾಪ ಎನಿಸಿ ಅವರನ್ನು ಬಸ್ಸು ಹತ್ತಿಸಿ, ತಾವು ಸೈಕಲ್ಲಿನಲ್ಲಿ ಬಸ್ಸಿಗಿಂತ ಮೊದಲೇ ಹೋಗಿ ಕ್ಯಾಂಪಿನ ಸ್ಟಾಪಿನಲ್ಲಿ ನಿಂತು ಕೈ ಬೀಸಿದರು. ಬರುವಾಗಲೂ ಹಾಗೆಯೇ. ಹೊಸ ಸೀರೆ ಉಟ್ಟು ಒಬ್ಬಳೇ ಬಸ್ಸಿನ ಕಿಟಕಿಯಲ್ಲಿ ಕೂತು, ಪಕ್ಕದಲ್ಲಿ ಬೆನ್ನು ಬಾಗಿಸಿ ಸೈಕಲ್ ಓಡಿಸುವ ಗಂಡನನ್ನು ನೋಡಿದ್ದನ್ನು ಕಾಕು ಎಷ್ಟು ಸಲ ಹೇಳಿದರೋ. ಪ್ರತಿ ಸಲವೂ ನಗುತ್ತಲೇ ಹೇಳುತ್ತಿದ್ದರು. ಆದರೆ ಮರೆತವರು ಅಷ್ಟು ಸಲ ಹೇಳುವುದಿಲ್ಲ ಎಂದು ನನಗೆ ಅನಿಸುತ್ತಿತ್ತು.

ನಿವೃತ್ತಿಯ ಆಚೆಗೂ ಕಾಕಾ ಸೈಕಲ್ ಬಿಡಲಿಲ್ಲ. ಒಂದು ವರ್ಷ ಅವರ ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ಕೈಯಿಂದ ಚಹಾದ ಬಟ್ಟಲು ಜಾರಿ ಬಿತ್ತು. ಕುತ್ತಿಗೆಯ ಎಲುಬು ಸವೆದಿದೆ, ಮೈ ಬಾಗಿಸಿ ತಲೆ ಎತ್ತಿ ಸೈಕಲ್ ಹೊಡೆಯುವುದು ಇನ್ನು ಸಾಕು ಎಂದು ಡಾಕ್ಟರು ಹೇಳಿದರು. ಕಾಕಾ ವಾದ ಮಾಡಲಿಲ್ಲ. ಮನೆಗೆ ಬಂದು ಕುರ್ಚಿಯಲ್ಲಿ ಕೂತರು, ಅಷ್ಟೆ. ಬಾಯಿಗೆ ಬೀಗ ಬಿತ್ತು. ಊಟಕ್ಕೆ ಕರೆದರೆ ಏಳುವರು, ಅರ್ಧ ರೊಟ್ಟಿ ಬಿಟ್ಟು ಮತ್ತೆ ಕುರ್ಚಿ. ಮಳೆಗಾಲ ಕಳೆದು ಚಳಿ ಬಂತು. ಸೈಕಲ್ಲಿನ ಮೇಲೆ ಧೂಳು ಕೂತಿತು, ಅವರು ಅತ್ತ ತಿರುಗಿಯೂ ನೋಡಲಿಲ್ಲ.

ಅದೇ ಹೊತ್ತಿಗೆ ಕಾಕು ಒಂದು ಸಂಜೆ ನಮ್ಮ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. ಗಂಡ ಗುಜರಿಯವನನ್ನು ನಿಲ್ಲಿಸಿ, ನಾಳೆ ಬಂದು ಸೈಕಲ್ ತೂಕಕ್ಕೆ ಹಾಕಿಕೊಂಡು ಹೋಗು ಅಂದದ್ದನ್ನು ಅವರು ಬಾಗಿಲ ಮರೆಯಿಂದ ಕೇಳಿಸಿಕೊಂಡಿದ್ದರು. ಪೀಡೆ ತೊಲಗಿತಲ್ಲ ಕಾಕು ಎಂದು ನಾನು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ.

“ಮೊದಲ ಇವ್ರು ಮನ್ಯಾಗ ಇರ್ತಿದ್ದಿಲ್ಲ ತಂಗಿ, ಆದ್ರ ಮನಿ ತುಂಬಿದಂಗ ಇತ್ತು. ಈಗ ಹಗಲೆಲ್ಲಾ ಮನ್ಯಾಗ ಅದಾರ, ಮನಿ ಖಾಲಿ ಅನಸ್ತದ. ಅದು ಹೋದ್ರ ಇವ್ರೂ ಉಳ್ಯಂಗಿಲ್ಲ.”

ಆ ಹೊತ್ತಿಗೆ ನನಗೂ ಕೆಲಸ ಸಿಕ್ಕಿತ್ತು, ಮರುದಿನ ನಾನು ಆಫೀಸಿಗೆ ಹೋಗಿದ್ದೆ. ಮುಂದಿನದು ಕಾಕುವಿನಿಂದಲೇ ಕೇಳಿದ್ದು. ಬೆಳಿಗ್ಗೆ ಗುಜರಿಯವನು ಬರುವ ಮೊದಲೇ, ಕಾಕಾ ಸ್ನಾನಕ್ಕೆ ಹೋದ ಸಂದು ನೋಡಿ, ಕಾಕು ಸೈಕಲ್ ಹೊರಗೆ ತೆಗೆದರಂತೆ. ಅಷ್ಟು ವರ್ಷದಲ್ಲಿ ಅದನ್ನು ಅವರು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಸಂತೆಗೆ ಎಮ್ಮೆ ಒಯ್ದಂತೆ ಎಳೆಯುತ್ತಾ, ಪೆಡಲಿನಿಂದ ಕಣಕಾಲಿಗೆ ಹೊಡೆಸಿಕೊಳ್ಳುತ್ತಾ ರಸ್ತೆಯ ತುದಿಯ ರಿಪೇರಿ ಅಂಗಡಿಗೆ ಹೋದರು. ಗಂಡನಿಗೆ ಕುತ್ತಿಗೆ ನೋವು, ಈ ಹ್ಯಾಂಡಲ್ ಬಹಳ ಕಠಿಣ, ಇದನ್ನು ಸುಲಭ ಮಾಡಿಕೊಡು ಎಂಬುದು ಅವರ ಮನಸ್ಸಿನಲ್ಲಿದ್ದ ಮಾತು. ಬಾಯಿಂದ ಬಂದದ್ದು, “ಹ್ಯಾಂಡಲ್ ಸರಳ ಕರಾ ಭಾವೂ.”

ನಮಗೆ ಸರಳ ಎಂದರೆ ಸುಲಭ. ಮರಾಠಿಯಲ್ಲಿ ಸರಳ ಎಂದರೆ ನೆಟ್ಟಗೆ. ಆ ಪುಣ್ಯಾತ್ಮ ಕೇಳಿದ್ದನ್ನು ಕೇಳಿದ ಹಾಗೆಯೇ ಮಾಡಿದ. ಟಗರಿನ ಕೊಂಬು ಬಿಚ್ಚಿ, ಜೋಳದ ದಂಟಿನಂಥ ನೆಟ್ಟನೆಯ ಕೊಳವೆಯೊಂದನ್ನು ಅದೇ ಜಾಗದಲ್ಲಿ ಬಿಗಿದು ಸಂಜೆ ಕೊಟ್ಟ. ಈ ನಡುವೆ ಬಂದ ಗುಜರಿಯವನನ್ನು, ಸೈಕಲ್ ರಿಪೇರಿಗೆ ಹೋಗಿದೆ ಎಂದು ಕಾಕು ಹಿಂದಕ್ಕೆ ಕಳಿಸಿದ್ದರಂತೆ.

ನಾನು ಕೆಲಸದಿಂದ ಬರುವುದಕ್ಕೂ ಕಾಕು ಸೈಕಲ್ ತಂದು ಮೆಟ್ಟಿಲ ಬುಡಕ್ಕೆ ಆನಿಸುವುದಕ್ಕೂ ಸರಿಹೋಯಿತು. ಕಂಕುಳಲ್ಲಿ ಹಳೆಯ ಹ್ಯಾಂಡಲ್, ಸೀರೆಯ ತುಂಡಿನಲ್ಲಿ ಸುತ್ತಿಕೊಂಡದ್ದು. ಕಾಕಾ ಬಾಗಿಲಿಗೆ ಬಂದು ನಿಂತಿದ್ದರು. ಸೈಕಲ್ ನೋಡಿದರು. ಈ ಮನೆಯಲ್ಲಿ ಇವತ್ತು ಒಲೆ ಹತ್ತುವುದಿಲ್ಲ ಎಂದುಕೊಂಡೆ. ಯಾರು ಮಾಡಿದ್ದು ಎಂದು ಕಾಕಾ ಮೆಲ್ಲಗೆ ಕೇಳಿದರು.

“ನಾ ಸರಳ ಮಾಡು ಅಂದ್ರ ಅಂವ ಸರಳು ಹಾಕಿ ಕೊಟ್ಟಾನ್ರಿ” ಎಂದರು ಕಾಕು.

ಕಾಕಾ ಒಮ್ಮೆ ಆ ಸರಳನ್ನು, ಒಮ್ಮೆ ಕಾಕುವನ್ನು ನೋಡಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ... ನಗುತ್ತಿದ್ದರು! ನಕ್ಕರೆ ಕುತ್ತಿಗೆ ನೋಯುತ್ತದೆಂದು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿಸಿ ಸೈಕಲ್ಲಿನ ಹತ್ತಿರ ಬಂದು ಆ ಕೊಳವೆ ಹಿಡಿದು ನೋಡಿದರು. ಅದು ಕೆಳಗೇ ಇತ್ತು, ದೂರವೇ ಇತ್ತು. ಹಿಡಿಯಲು ಮತ್ತೆ ಬಾಗಲೇಬೇಕು.

“ನೆಟ್ಟಗಾದ್ರ ಸರಳ ಆಗೂದಿಲ್ಲ. ಮ್ಯಾಲ ಬರಬೇಕು, ನನ್ನ ಕಡಿ ಬರಬೇಕು” ಎಂದು ಕಾಕುವಿಗೆ ತಿಳಿಸಿ ಹೇಳಿ, ಮನೆಯೊಳಗೆ ನಟ್ಟು ಬಿಚ್ಚುವ ಪಾನಾ ಎಲ್ಲಿದೆ ಎಂದು ಕೇಳಿದರು. ಎಷ್ಟೋ ತಿಂಗಳ ಮೇಲೆ ಅವರು ತಾವಾಗಿ ಕೇಳಿದ ವಸ್ತು ಅದು. ಕಾಕು ಪಾನಾ ಹುಡುಕುವ ನೆವದಲ್ಲಿ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಬೆಳಿಗ್ಗೆ ಬಂದು ಬರಿಗೈಯಲ್ಲಿ ಹೋಗಿದ್ದ ಗುಜರಿಯವನು ಮರುದಿನ ಮತ್ತೆ ಬಂದ. ಕಾಕಾ ಸೈಕಲ್ ಕೊಡುವುದಿರಲಿ, ಅವನ ಗಾಡಿಯನ್ನೇ ತಡಕಾಡಿ, ಹಾಲಿನವರ ಸೈಕಲ್ಲಿಗೆ ಇರುತ್ತದಲ್ಲ, ಮೇಲೆದ್ದು ಸವಾರನ ಕಡೆಗೆ ತಿರುಗಿದ ಹ್ಯಾಂಡಲ್, ಅಂಥದೊಂದನ್ನು ಎಳೆದು ತೆಗೆದರು. ಅಲ್ಲಿಂದ ಮುಂದೆ ಅವರ ಪಡಸಾಲೆ ವರ್ಕ್‌ಶಾಪ್ ಆಯಿತು. ಹಾಲಿನವರ ಹ್ಯಾಂಡಲ್ ರೇಸರಿನ ಕ್ಲ್ಯಾಂಪಿನಲ್ಲಿ ಸಡಿಲವಾಗಿ ಗಿರ್ರನೆ ತಿರುಗಿತು. ಕಾಕುವಿನ ಎಣ್ಣೆ ಡಬ್ಬಿ ಕತ್ತರಿಸಿ ಅದರ ತಗಡನ್ನು ಸಂದಿಗೆ ತುರುಕಿದರು. ಹ್ಯಾಂಡಲ್ ಮೇಲೆ ಬಂದದ್ದಕ್ಕೆ ಬ್ರೇಕಿನ ವಾಯರು ಸಾಲದೆ ಹೋಯಿತು, ಉದ್ದದ್ದನ್ನು ತಂದರು. ಬೆನ್ನು ನೆಟ್ಟಗೆ ಮಾಡಿ ಕೂತರೆ ಮೈಭಾರವೆಲ್ಲ ಸೀಟಿನ ಮೇಲೆ. ಅಂಗೈಯಗಲದ ಸೀಟು ಅವರನ್ನು ಎರಡು ದಿನ ಕುಂಟಿಸಿತು, ಸ್ಪ್ರಿಂಗಿನ ಅಗಲ ಸೀಟು ಬಂತು. ಗೇರಿನ ಕಡ್ಡಿ ಮಾತ್ರ ಕೆಳಗಿನ ಪೈಪಿನ ಮೇಲೆಯೇ ಉಳಿಯಿತು. ಅಷ್ಟಾದರೂ ರೇಸರ್ ಇರಲಿ ಎಂದರಂತೆ. ಕಾಕು ನೆಲಕ್ಕಂಟಿದ ಗ್ರೀಸು ತಿಕ್ಕುತ್ತಾ ಸವತಿಗೆ ಶಾಪ ಹಾಕುತ್ತಿದ್ದರು. ಅಂಥ ಹಿಗ್ಗಿನ ಶಾಪವನ್ನು ನಾನು ಬೇರೆಲ್ಲೂ ಕೇಳಿಲ್ಲ. ಅವರ ಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವ ಸದ್ದು ಹೆಚ್ಚಾಯಿತು.

ಕೊನೆಗೆ ಒಂದು ದಿನ ಕಾಕಾ ಕ್ಯಾರಿಯರ್ ತಂದರು. ಆ ಸೈಕಲ್ಲಿಗೆ ಕ್ಯಾರಿಯರ್ ಕೂರಿಸುವ ತೂತೇ ಇರಲಿಲ್ಲ. ಪಟ್ಟಿ ಬಿಗಿದು, ತಾವೇ ಜೋತುಬಿದ್ದು ಪರೀಕ್ಷೆ ಮಾಡಿದರು. ತರಕಾರಿ ತರಲು ಇಷ್ಟು ಗಟ್ಟಿ ಬೇಕೇ ಎಂದು ಕಾಕು ಮೂಗು ಮುರಿದರು. ಆ ರವಿವಾರ ಬೆಳಿಗ್ಗೆ, ರಸ್ತೆಯ ಮೇಲೆ ಇನ್ನೂ ಗಾಡಿಗಳ ಗಲಾಟೆ ಶುರುವಾಗುವ ಮುಂಚೆ, ಕಾಕಾ ಸೈಕಲ್ ಗೇಟಿಗೆ ತಂದು ಕಾಕುವನ್ನು ಕರೆದರು. ಕ್ಯಾಂಪಿಗೆ ಹೋಗೋಣ ಎಂದರು. ಕಾಕು ನಾಚಿ ನೀರಾಗಿ, ಈ ವಯಸ್ಸಿನಲ್ಲಿ ಇದೇನು, ಜನ ನಗುತ್ತಾರೆ ಎಂದು ಹಟ ಹಿಡಿದರು. ಮೇಲೆ ನಮ್ಮ ಮನೆಯ ಗ್ಯಾಲರಿಯಲ್ಲಿ ನಾನು ನಗುತ್ತಾ ನಿಂತಿದ್ದೂ ಅವರಿಗೆ ಕಂಡಿತ್ತು. ಆಗ ಕಾಕಾ ಹೇಳಿದ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ.

“ನನ್ನ ಕುತ್ತಿಗಿ ಹೊಳ್ಳಂಗಿಲ್ಲ. ಹಿಂದ ಯಾವ ಗಾಡಿ ಬರ್ತದ ನೋಡಾಕ ನೀ ಬೇಕು. ಕುಂಡ್ರು.”

ಕಾಕು ಕೂತರು. ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು, ಸೀಟಿನ ಸ್ಪ್ರಿಂಗ್ ಹಿಡಿದುಕೊಂಡು, ಕತ್ತು ತಿರುಗಿಸಿ ರಸ್ತೆಯ ಎರಡೂ ಕಡೆ ನೋಡಿ, “ಖಾಲಿ ಅದ, ಹೋಗ್ರಿ” ಎಂದರು. ಸೈಕಲ್ ಒಮ್ಮೆ ಓಲಾಡಿ, ಸರಿಹೋಗಿ, ತಿರುವಿನಲ್ಲಿ ಮರೆಯಾಯಿತು.

ಬಿಸಿಲೇರಿದ ಮೇಲೆ ಬಂದರು. ಏರಿನಲ್ಲಿ ಇಬ್ಬರೂ ಇಳಿದು ನೂಕಿಕೊಂಡು ಬಂದಿದ್ದರು. ಬನ್ ಮಸ್ಕಾ ತಿಂದದ್ದು, ಚಹಾ ಕುಡಿದದ್ದು, ಸಿಗ್ನಲ್ಲಿನಲ್ಲಿ ಪೊಲೀಸನೊಬ್ಬ ಕೈಮುಗಿದದ್ದು, ಎಲ್ಲ ವರದಿಯಾಯಿತು. ಕಾಕುವಿಗೆ ಎಲ್ಲಕ್ಕಿಂತ ಮೋಜೆನಿಸಿದ್ದು ಬೇರೆ. ದಾರಿಯುದ್ದಕ್ಕೂ ಕಾಕಾ, ಇಲ್ಲಿ ಇಷ್ಟು ದೊಡ್ಡ ಆಲದ ಮರ ಯಾವಾಗ ಬಂತು, ಆ ಕಟ್ಟಡಕ್ಕೆ ಗಡಿಯಾರ ಯಾವಾಗ ಹಾಕಿದರು ಎಂದು ಕೇಳುತ್ತಲೇ ಹೋದರಂತೆ. ಅದೇ ದಾರಿಯಲ್ಲಿ ಜನ್ಮವೆಲ್ಲ ಓಡಾಡಿದ ಮನುಷ್ಯ ಮುಂದಿನ ಗಾಲಿ, ಅದರ ಮುಂದಿನ ರಸ್ತೆ ಬಿಟ್ಟು ಬೇರೇನೂ ನೋಡಿರಲಿಲ್ಲ. ಅಲ್ಲಿಂದ ರವಿವಾರ ಎಂದರೆ ಕ್ಯಾಂಪ್ ಎಂದಾಯಿತು. ಗೇಟಿನಲ್ಲಿ ಕಾಕು, “ಖಾಲಿ ಅದ, ಹೋಗ್ರಿ” ಎಂದದ್ದು ಕೇಳಿಸಿದರೆ ನಾನು ಚಹಾಕ್ಕೆ ಇಡುತ್ತಿದ್ದೆ...

ಕಾಕು ಹೋಗಿ ಎರಡು ವರ್ಷವಾಯಿತು. ಜ್ವರ ಎಂದು ಆಸ್ಪತ್ರೆಗೆ ಹೋದವರು ಮರಳಿ ಬರಲಿಲ್ಲ. ಈ ಊರಿನಲ್ಲಿ ನನ್ನನ್ನು ತಂಗಿ ಎಂದು ಕರೆಯುವವರು ಈಗ ಯಾರೂ ಇಲ್ಲ. ಆಫೀಸಿನಿಂದ ಬಂದು ಮೆಟ್ಟಿಲು ಹತ್ತುವಾಗ ಅವರ ಬಾಗಿಲ ಮುಂದೆ ಕಾಲು ತಾನಾಗಿ ನಿಧಾನವಾಗುತ್ತದೆ. ಅವರ ಆ ಕುಲಗೆಟ್ಟ ಮರಾಠಿ ಒಮ್ಮೆ ಕಿವಿಗೆ ಬಿದ್ದರೆ ಸಾಕು ಎನಿಸುತ್ತದೆ.

ಅವರು ಹೋದ ಮೇಲೆ ಬಹಳ ದಿನ ಕಾಕಾ ಸೈಕಲ್ ಮುಟ್ಟಲಿಲ್ಲ. ಒಂದು ಬೆಳಿಗ್ಗೆ ನಾನು ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಹಾಲು ತರಲು ಅದನ್ನು ಹೊರಗೆ ತೆಗೆದರು. ಗೇಟಿನವರೆಗೆ ಹೋಗಿ ಸೀಟಿನ ಮೇಲೆ ಕೂತು, ಒಂದು ಕಾಲು ನೆಲಕ್ಕೂರಿ ನಿಂತರು. ಒಂದು ರಿಕ್ಷಾ ಹೋಯಿತು, ಶಾಲೆಯ ಬಸ್ಸು ಹೋಯಿತು. ಓಣಿ ಖಾಲಿಯಾಯಿತು. ಅವರು ನಿಂತೇ ಇದ್ದರು. ಎದೆನೋವೋ ಏನೋ ಎಂದು ಗಾಬರಿಯಾದೆ. ಆಮೇಲೆ ಹೊಳೆಯಿತು, ಅವರು ಕಾಯುತ್ತಿದ್ದರು. ಮೇಲಿನಿಂದಲೇ, “ಕಾಕಾ, ಖಾಲಿ ಅದ್ರಿ, ಹೋಗ್ರಿ” ಎಂದೆ. ಅವರು ತಿರುಗಿ ನೋಡಲಿಲ್ಲ, ನೋಡಲು ಬರುವುದೂ ಇಲ್ಲ. ಒಂದು ಕೈ ಎತ್ತಿ ಹೊರಟರು.

ಈಗ ದಿನಾ ಆ ಹೊತ್ತಿಗೆ ನಾನು ಗ್ಯಾಲರಿಯಲ್ಲಿ ನಿಲ್ಲುತ್ತೇನೆ. ಹಾಲಿನ ಅಂಗಡಿ ತಿರುವಿನ ಈಚೆಗೇ ಇದೆ. ಕಾಕಾ ಅಷ್ಟೇ ದೂರ ಹೋಗಿ ಬರುತ್ತಾರೆ. ಅದರಾಚೆ ನನಗೆ ಕಾಣುವುದಿಲ್ಲ ಎಂದು ಅವರಿಗೂ ಗೊತ್ತು. ಕ್ಯಾಂಪಿನ ತನಕ ಹಿಂದೆ ನೋಡುವುದಕ್ಕೆ ಕಾಕು ಇಲ್ಲ.