ಗೋಡೆಯಾಚೆಯ ವಸ್ತಾದರು

ಹೋದ ವಾರ ಮೊಮ್ಮಗಳು ಯೋಗದ ಕ್ಲಾಸಿಗೆ ಸೇರಿದಳು. ಮೊದಲನೇ ದಿನವೇ ಸೊಂಟ ಹಿಡಿದುಕೊಂಡು ಮನೆಗೆ ಬಂದಳು. ಎಳ್ಳೆಣ್ಣೆಗೆ ಅರಿಶಿನ ಹಾಕಿ ಕಾಸಿ ತಿಕ್ಕಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೊಸಪೇಟೆಯ ಹಳೇ ಮನೆಯ ಹಿತ್ತಲಲ್ಲಿದ್ದೆ. ಹಿತ್ತಲ ಗೋಡೆಯ ಆ ಕಡೆ ಗರಡಿಮನೆ. ಅಲ್ಲಿಯ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಹಾಕಿ ತುಳಿಯುತ್ತಿದ್ದರು. ದಿನಾ ಬೆಳಗ್ಗೆ ಇದೇ ವಾಸನೆ ಗೋಡೆ ದಾಟಿ ಬರುತ್ತಿತ್ತು...

ನಾನು ಸಂಡೂರು ರಾಜರ ಸೀಮೆಯ ಬಂಡ್ರಿಯವಳು. ಲಗ್ನವಾಗಿ ಬಂದದ್ದು ಹೊಸಪೇಟೆಗೆ, ಬಿಳಿಯರ ಸೀಮೆಗೆ. ಚಿಕ್ಕಂದಿನಿಂದ ನನಗೆ ಉಬ್ಬಸ. ಕೊಟ್ಟದ್ದು ಒಣಮೆಣಸಿನಕಾಯಿ ವ್ಯಾಪಾರದ ಮನೆಗೆ. ನಮ್ಮಪ್ಪನಿಗೆ ಬುದ್ಧಿ ಇರಲಿಲ್ಲ ಅಂತ ಈಗಲೂ ಅನ್ನುತ್ತೇನೆ. ಚೀಲ ಬಿಚ್ಚಿದರೆ ಮನೆಮಂದಿಯೆಲ್ಲ ಸೀನುತ್ತಿದ್ದರು, ನಾನು ನೆಲ ಹಿಡಿಯುತ್ತಿದ್ದೆ. ಎದೆಯೊಳಗೆ ಕಮ್ಮಾರನ ಹರಿದ ತಿದಿಯ ಸಪ್ಪಳ. ದವಾಖಾನೆಯ ಔಷಧಿ ಆಯಿತು, ವಿರೂಪಾಕ್ಷನಿಗೆ ಹರಕೆ ಆಯಿತು. ಕಡೆಗೆ ಅತ್ತೆ ಎದುರಿಗೇ ಹೇಳಿದರು.

"ಹೊಸ ಮೆಣಸಿನಕಾಯಿ ಬರೋತನ ನೋಡ್ತೀನಿ. ಆಗಲೂ ಹಿಂಗ ಬಿದ್ದಿ ಅಂದ್ರ ಬಂಡಿ ಕಟ್ಟಿಸಿ ಬಂಡ್ರಿಗೆ ಬಿಟ್ಟು ಬರ್ತೀವಿ. ನನ್ನ ಮಗಗ ಬ್ಯಾರೆ ಹೆಣ್ಣು ನೋಡ್ತೀನಿ."

ಹಾಗೆ ತಿರುಗಿ ಹೋದವಳ ಬದುಕು ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ನಮ್ಮ ಸೋದರತ್ತೆಯೊಬ್ಬಳು ಹಂಗೇ ಬಂದು, ತವರಿನ ದನದ ಸೆಗಣಿ ಬಾಚುತ್ತಲೇ ಮುದುಕಿಯಾಗಿದ್ದಳು.

ಒಂದು ದಿನ ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರು ನಮ್ಮ ಬಾಗಿಲಿಗೆ ಬಂದರು. ನಾನು ಕದದ ಹಿಂದೆ. ದನಿ ಮಾತ್ರ ಕೇಳಿತು.

"ಅಕ್ಕಾರ, ನಿಮ್ಮ ಸೊಸಿ ಉಸುರಿನ ಸಪ್ಪಳ ನಮ್ಮ ಗರಡಿತನ ಬರ್ತೈತ್ರಿ. ಅದಕ್ಕ ಆಸನ ಅದಾವ, ಉಸುರು ಬಿಡೋ ಪದ್ಧತಿ ಐತಿ. ನೀವು ಎದುರಿಗೆ ಕುಂದ್ರಿ, ನಾ ಹೇಳಿಕೊಡ್ತೀನಿ."

"ಯೋಗ ಸನ್ಯಾಸಿಗಳಿಗೆ, ಗರಡಿ ಗಂಡಸರಿಗೆ," ಅಂದರು ಅತ್ತೆ. "ನಮ್ಮ ಸೊಸಿ ಏನು ಕುಸ್ತಿ ಹಿಡೀಬೇಕೇನು?"

"ಬ್ಯಾಡ ಬಿಡ್ರಿ," ಅಂದು ವಸ್ತಾದರು ಹೋದರು.

ಮರುದಿನ ನಸುಕಿನಲ್ಲಿ ನಾನು ಹಿತ್ತಲಲ್ಲಿ ಕೊಡ ತಿಕ್ಕುತ್ತಿದ್ದೆ. ಗೋಡೆಯ ಆ ಕಡೆ ವಸ್ತಾದರ ದನಿ ಎಂದಿಗಿಂತ ಜೋರಾಗಿತ್ತು.

"ಬೆನ್ನು ಗ್ವಾಡಿಗೆ ಹಚ್ಚಿ ಕುಂದರಬೇಕು. ಉಸುರು ತಗೊಳ್ಳೋದು ತಾನಾ ಬರ್ತೈತಿ, ಬಿಡೋದು ಕಲೀಬೇಕು. ಒಲಿ ಊದಿದಂಗ ಒಮ್ಮೆಲೆ ಅಲ್ಲ. ಬಿಸಿ ಅಂಬಲಿ ಆರಿಸಿದಂಗ, ಸಣ್ಣಗ, ಉದ್ದಕ. ಉಬ್ಬಸ ಇದ್ದವರು ಉಸುರು ಹಿಡೀಬಾರದು."

ಕುಸ್ತಿ ಹುಡುಗರು ನಕ್ಕರು. ಒಬ್ಬ ಕೇಳಿಯೇಬಿಟ್ಟ, "ವಸ್ತಾದ್ರ, ನಮಗ್ಯಾರಿಗೂ ಉಬ್ಬಸ ಇಲ್ಲಲ್ರಿ?"

"ಗ್ವಾಡಿಗೆ ಐತಿ. ಬಾಯಿ ಮುಚ್ಚಿಕೊಂಡು ಊದಲೇ."

"ಬಾಯಿ ಮುಚ್ಚಿಕೊಂಡು ಹೆಂಗ ಊದ್ಲಿರಿ?" ಅಂದ ಇನ್ನೊಬ್ಬ. ಬೆನ್ನಿಗೆ ಏಟು ಬಿದ್ದ ಸಪ್ಪಳ ಕೇಳಿತು.

ನಾನು ಕೊಡ ಅಲ್ಲೇ ಇಟ್ಟು ಗೋಡೆಗೆ ಬೆನ್ನು ಹಚ್ಚಿ ಕುಂತೆ.

ಹೀಗೆ ಶುರುವಾಯಿತು ನನ್ನ ಯೋಗ. ಕಣ್ಣಿಂದ ನೋಡಿ ಕಲಿಯುವವರಿಗೆ ಕಿವಿಯಿಂದ ಕಲಿಯುವ ಕಷ್ಟ ತಿಳಿಯುವುದಿಲ್ಲ. ಕೈ ಮೇಲೆತ್ತಿ ಹಿಂದಕ್ಕೆ ಬಾಗು ಅಂದರು. ಎಷ್ಟು ಬಾಗಬೇಕು ಅಂತ ನನಗೇನು ಗೊತ್ತು, ಬಾಗಿಯೇ ಬಾಗಿದೆ, ಪೇರಿಸಿಟ್ಟ ಗಡಿಗೆಗಳ ಮೇಲೆ ಬಿದ್ದೆ. ಗಡಿಗೆ ಒಡೆದ ಸಪ್ಪಳ ಗೋಡೆ ದಾಟಿತು. ಆ ಕಡೆಯಿಂದ ವಸ್ತಾದರು, "ಮೊದಲನೇ ಸಲಕ್ಕ ಅಷ್ಟು ಬಾಗಬಾರದು. ಸೂರು ಕಂಡ್ರ ಸಾಕು. ಬಿದ್ದವರು ಮೈಕೈ ನೋಡಿಕೊಂಡು ನಾಳಿಗೆ ಮಾಡ್ರಿ," ಅಂದರು. ಗಡಿಗೆ ಒಡೆದದ್ದಕ್ಕೆ ಅತ್ತೆ ಬೆಕ್ಕಿಗೆ ಬೈದರು. ಮರುದಿನ ನೋಡಿದರೆ ಉಳಿದ ಗಡಿಗೆಗಳನ್ನು ಅತ್ತೆ ಅಡಿಗೆಮನೆಗೆ ಸೇರಿಸಿದ್ದರು. ಗಡಿಗೆ ಉಳಿಯಲಿ ಅಂತಲೋ, ನಾನು ಉಳಿಯಲಿ ಅಂತಲೋ, ಇವತ್ತಿಗೂ ಗೊತ್ತಿಲ್ಲ.

ಆ ಮನುಷ್ಯನ ದೊಡ್ಡತನ ನನಗೆ ತಿಳಿದದ್ದು ಆಮೇಲೆ. ಕಂಪ್ಲಿ, ಸಂಡೂರಿನ ಪೈಲ್ವಾನರು ಅವರ ಹೆಸರು ಕೇಳಿದರೆ ಕಣದಿಂದ ಎದ್ದು ಹೋಗುತ್ತಿದ್ದರಂತೆ. ಅಂಥವರು, ಮುಖ ನೋಡದ ಹುಡುಗಿಯೊಬ್ಬಳ ಸಲುವಾಗಿ ಪೈಲ್ವಾನರಿಗೆ ಅಂಬಲಿ, ಬೀಸುಕಲ್ಲು, ಒರಳಿನ ಲೆಕ್ಕದಲ್ಲಿ ಪಾಠ ಹೇಳಿದರು. "ವಸ್ತಾದ್ರು ಅಡಿಗಿ ಕಲಿಸಾಕ ಹತ್ಯಾರ," ಅಂತ ಹುಡುಗರು ಚೇಷ್ಟೆ ಮಾಡಿದರೂ ಬಿಡಲಿಲ್ಲ. ಒಂದು ಬೆಳಗ್ಗೆ ನನ್ನ ಉಬ್ಬಸ ಭಾಳ ಕೆರಳಿತ್ತು, ಮಾತು ಕೇಳಿ ಮಾಡುವ ಶಕ್ತಿಯೂ ಇರಲಿಲ್ಲ. ಅದು ಅವರಿಗೆ ಕೇಳಿಸಿತು. "ಇವತ್ತು ಕುಸ್ತಿ ಇಲ್ಲ. ಎಲ್ಲಾರೂ ಕುಂತು ಉಸುರು ಬಿಡ್ರಲೇ, ಸಪ್ಪಳ ಆಗಬೇಕು," ಅಂದರು. ಅಷ್ಟು ಜನ ಗಟ್ಟಿ ಆಳುಗಳು ಒಟ್ಟಿಗೆ ಉಸುರು ಬಿಡುತ್ತಿದ್ದರೆ, ಅದರ ಬೆನ್ನು ಹತ್ತಿ ನನ್ನದೂ ನಿಧಾನಕ್ಕೆ ಹಾದಿಗೆ ಬಂತು.

ಹೊಸ ಮೆಣಸಿನಕಾಯಿ ಬಂತು. ಪಡಸಾಲೆಯಲ್ಲಿ ಚೀಲ ಬಿಚ್ಚಿದರು. ಎಲ್ಲರೂ ಸೀನಿದರು, ನಾನೂ ಸೀನಿದೆ. ಎದೆ ಹಿಡಿಯಿತು. ಗೋಡೆಗೆ ಬೆನ್ನು ಹಚ್ಚಿ ಕುಂತು ಸಣ್ಣಗೆ, ಉದ್ದಕ್ಕೆ ಉಸುರು ಬಿಟ್ಟೆ. ಬಿಡುತ್ತಲೇ ಇದ್ದೆ. ಅತ್ತೆ ಬಂದು, ನನ್ನನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿಗೆ ಕಿವಿ ಇಟ್ಟರು, ಸಂತೆಯಲ್ಲಿ ಗಡಿಗೆ ಬಿರುಕು ಬಿಟ್ಟಿದೆಯೋ ಅಂತ ಕಿವಿಗೊಟ್ಟು ನೋಡುವ ಹಾಗೆ. ಭಾಳ ಹೊತ್ತು ಇಟ್ಟಿದ್ದರು. ಆಮೇಲೆ ಮಾವನ ಕಡೆ ತಿರುಗಿ, "ಬಂಡಿ ಬ್ಯಾಡಂತ ಹೇಳ್ರಿ," ಅಂದರು. ನನಗೆ, "ಎದ್ದು ರೊಟ್ಟಿ ಬಡಿ."

ಕೆಲವು ವರ್ಷಕ್ಕೆ ವಸ್ತಾದರು ತೀರಿಕೊಂಡರು. ಮೆರವಣಿಗೆ ನಮ್ಮ ಬಾಗಿಲ ಮುಂದೆಯೇ ಹೋಯಿತು. ಹೊಸ್ತಿಲಲ್ಲಿ ನಿಂತು ನೋಡಿದೆ. ಹೂವಿನ ಹಾರದೊಳಗೆ ಮುಖ ಮುಚ್ಚಿಹೋಗಿತ್ತು. ಅವರು ಇರುವಾಗ ನಾನು ಒಂದು ಮಾತು ಆಡಲಿಲ್ಲ, ಒಂದು ಲೋಟ ಮಜ್ಜಿಗೆ ಕೊಡಲಿಲ್ಲ. ಆಗಿನ ಪದ್ಧತಿ ಹಂಗಿತ್ತು ಅನ್ನಬಹುದು. ಪದ್ಧತಿ ಹಂಗೇ ಇತ್ತು.

ಮೊನ್ನೆ ಮೊಮ್ಮಗಳು, "ಅಜ್ಜಿ, ನಿಂಗ ಕಲಿಸಿದವರು ನೋಡಾಕ ಹೆಂಗಿದ್ರು?" ಅಂತ ಕೇಳಿದಳು. ನೋಡಿಲ್ಲ ಅಂದೆ.

"ಹೋಗ್ಲಿ, ದನಿ ಹೆಂಗಿತ್ತು?"

ಹೇಳಲು ಹೋದೆ, ಆ ದನಿ ನೆನಪಿಗೇ ಬರಲಿಲ್ಲ. ಎಷ್ಟೋ ವರ್ಷ ಅದು ಕಿವಿಯಲ್ಲೇ ಇತ್ತು. ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ. ಅವರು ಹೇಳಿಕೊಟ್ಟದ್ದು ಒಂದೂ ಮರೆತಿಲ್ಲ. ಆದರೆ ಈಗ ಆ ಮಾತುಗಳು ನನಗೆ ನನ್ನ ದನಿಯಲ್ಲೇ ಕೇಳುತ್ತವೆ, ಮುದುಕಿಯ ದನಿಯಲ್ಲಿ.