ಕನ್ನಡಿಯಿಲ್ಲದ ಕ್ಯಾಮೆರಾ ಮತ್ತು ಹಂಪಸಾಗರದ ಸಂಜೆ

ಚಿತ್ರದುರ್ಗದಿಂದ ಬೆಳಿಗ್ಗೆ ಹೊರಟ ಬಸ್ಸು ಕಾನಹೊಸಹಳ್ಳಿಯಲ್ಲಿ ಚಹಾಕ್ಕೆ ನಿಂತು ಕೂಡ್ಲಿಗಿ ತಲುಪುವಾಗ ಬಿಸಿಲು ಏರಿತ್ತು. ಡಿಸೆಂಬರಿನ ಬಿಸಿಲು ಸುಡುವುದಿಲ್ಲ, ಆದರೆ ಬಂಡೆಗಳಿಗೆ ಬಿದ್ದು ಕಣ್ಣು ಕುಕ್ಕುತ್ತದೆ. ಹೆಗಲಲ್ಲಿ ಹೊಸ ಮಿರರ್‌ಲೆಸ್ ಕ್ಯಾಮೆರಾ, ಎರಡು ಲೆನ್ಸು. ಹಳೆಯ ಕ್ಯಾಮೆರಾದ ಹೊಟ್ಟೆಯಲ್ಲಿ ಕನ್ನಡಿಯೊಂದು ಇರುತ್ತಿತ್ತು. ಹೊರಗಿನ ಬೆಳಕು ಅದಕ್ಕೆ ತಾಗಿ ಕಣ್ಣಿಗೆ ಬರುತ್ತಿತ್ತು. ಇದರ ಕಣ್ಣಿಡುವ ಕಿಂಡಿಯಲ್ಲಿ ಕಾಣುವುದು ಒಳಗಿನ ಪುಟ್ಟ ಪರದೆ. ಹಗುರವೆಂದು ಕೊಂಡಿದ್ದೆ. ಜಗತ್ತನ್ನು ಟಿವಿಯಲ್ಲಿ ನೋಡಿದಂತೆ ಎಂಬ ಅನುಮಾನ ಮಾತ್ರ ಹೋಗಿರಲಿಲ್ಲ.

ನಿಲ್ದಾಣದ ಎದುರು ಮಂಡಕ್ಕಿ ವಗ್ಗರಣೆ, ಮಿರ್ಚಿ ತಿಂದೆ. ಅಂಗಡಿಯವರು ಕ್ಯಾಮೆರಾ ನೋಡಿ ತಾವಾಗಿ ಜಾಲರಿ ಹಿಡಿದು ನಿಂತರು. ತೆಗೆದೆ. ಅವರು ಕದಲಲಿಲ್ಲ. ಬಾಣಲೆಯಲ್ಲಿ ಮಿರ್ಚಿ ಕಪ್ಪಾಗತೊಡಗಿತು.

"ಹೊಡೀರಿ ಸರ, ಹೊತ್ತತಾವು."

"ಆಗ್ಲೇ ಹೊಡದೆ."

"ಟಕ್ ಅನ್ನಲೇ ಇಲ್ಲಲ್ರಿ. ಕಳ್ಳರ ಕ್ಯಾಮೆರಾ ಆತಲ್ರಿ ಇದು."

ಸದ್ದಿಲ್ಲದಿರುವುದು ಹಕ್ಕಿಗಳ ಮುಂದೆ ಗುಣ. ಮನುಷ್ಯರ ಮುಂದೆ ಹಾಗಲ್ಲ.

ಕೊಟ್ಟೂರಿಗೆ ಅಲ್ಲಿಂದ ಒಂದು ತಾಸಿನೊಳಗಿನ ದಾರಿ. ಕಿಟಕಿ ಪಕ್ಕ ಕುಳಿತು ಲೆನ್ಸ್ ಬದಲಿಸಿದ್ದು ತಪ್ಪಾಯಿತು. ಕನ್ನಡಿಯ ಮರೆಯಿಲ್ಲದೆ ಒಳಗಿನ ಬೆಳಕು ಹಿಡಿಯುವ ಸೆನ್ಸರ್ ಬೆತ್ತಲೆ. ರಸ್ತೆಯ ಕೆಂಧೂಳು ನೇರ ಅಲ್ಲಿ ಕೂತಿತು. ಆಮೇಲಿನ ಎಲ್ಲ ಚಿತ್ರಗಳ ಆಕಾಶದಲ್ಲಿ ಒಂದು ಚುಕ್ಕೆ ಇದೆ. ನೋಡಿದವರು ಹದ್ದು ಎನ್ನುತ್ತಾರೆ.

ಕೊಟ್ಟೂರಿನಲ್ಲಿ ಖಾದರ್ ಇದ್ದಾನೆ. ಅಲ್ಲಿಯ ಕಾಲೇಜಿನಲ್ಲಿ ಇಬ್ಬರದೂ ಒಂದೇ ಬೆಂಚು. ನಾನು ತತ್ವಶಾಸ್ತ್ರ ಓದಲು ಧಾರವಾಡಕ್ಕೆ ಹೋದೆ, ಅವನು ಅಪ್ಪನ ಗ್ಯಾರೇಜಿಗೆ. ಈಗ ಗ್ಯಾರೇಜು ತಮ್ಮನ ಕೈಯಲ್ಲಿದೆ. ಖಾದರನ ಕಣ್ಣಿನ ಒಳಪದರ ಅಂಚಿನಿಂದ ಬಾಡುತ್ತ ಬಂದು, ಕೊಳವೆಯಲ್ಲಿ ಇಣುಕಿದಷ್ಟು ನೋಟ ಉಳಿದಿದೆ. ಸಂಜೆಯಾದರೆ ಅದೂ ಇಲ್ಲ. ಉಳಿದದ್ದೂ ಬಹಳ ಕಾಲ ಇರದು ಎಂದು ಡಾಕ್ಟರು ಹೇಳಿದ ಮೇಲೆ ಫೋನ್ ಮಾಡಿದ್ದ: "ಹಂಪಸಾಗರದಾಗ ಹೊತ್ತು ಮುಳುಗೋದು ಒಮ್ಮಿ ನೋಡಬೇಕಲೇ. ಕರಕೊಂಡು ಹೋಗು." ನಾನು ಬಂದದ್ದು ಅದಕ್ಕೇ.

ಕಾಲೇಜು ದಿನಗಳಲ್ಲಿ ಒಂದು ಸಂಜೆ ಇಬ್ಬರೂ ಅಲ್ಲಿಯ ಹಿನ್ನೀರಿನ ದಂಡೆಯಲ್ಲಿ ಕಳೆದಿದ್ದೆವು. ನನ್ನ ನೆನಪಿನಲ್ಲಿ ನಾವು ಹರಿಗೋಲಿನಲ್ಲಿ ಕುಳಿತಿದ್ದೇವೆ. ಅವನ ಮನೆಯ ಪಡಸಾಲೆಯಲ್ಲಿ ಕೂತು ಹಾಗೆಂದೆ.

"ಹರಿಗೋಲ? ನೀನು ಮೊಣಕಾಲು ನೀರಿಗೂ ಇಳೀಲಿಲ್ಲಲೇ, ಫಿಲಾಸಫರ" ಎಂದ ಖಾದರ್.

ಅವನ ಹೆಂಡತಿ ಶಮೀಮ್ ಚಹಾ ಕೊಡುತ್ತ, "ಇವರ ಮಾತು ನಂಬಬ್ಯಾಡ್ರಿ ಅಣ್ಣಾರ. ನಮ್ಮ ಮದುವಿ ಮಳಿಯಾಗ ಆತು ಅಂತಾರ. ಆಗಿದ್ದು ಉರಿಬಿಸಿಲಾಗ" ಎಂದರು.

ಹರಿಗೋಲಿನ ಒದ್ದೆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಆದರೆ ಮೂಗನ್ನು ಎಷ್ಟು ನಂಬುವುದು?

ಖಾದರ್ ಸುಮ್ಮನೆ ಕ್ಯಾಮೆರಾ ಎತ್ತಿ ಬಾಗಿಲಾಚೆ ಹಿಡಿದ. ಅದಕ್ಕೆ ಅಗಲ ನೋಟದ ಲೆನ್ಸ್ ಹಾಕಿದ್ದೆ.

"ಲೇ, ಇಡೀ ಓಣಿ ಕಾಣ್ತೈತಿ. ಆ ಕಡಿ ಗ್ವಾಡಿ, ಈ ಕಡಿ ಗ್ವಾಡಿ, ನಡುವ ಸೈಕಲ್. ಎಲ್ಲಾ ಒಮ್ಮಿಗೇ."

ಅಗಲವನ್ನೆಲ್ಲ ಕುಗ್ಗಿಸಿ ಆ ಪುಟ್ಟ ಪರದೆ ಅವನ ಕೊಳವೆಯೊಳಗೆ ಹಿಡಿಸುವಂತೆ ಮಾಡಿತ್ತು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ: "ಅದು ಓಣಿಯಲ್ಲಲೇ, ಓಣಿ ಚಿತ್ರ."

"ನಿನ್ನ ಕಣ್ಣೇನು ಓಣಿನ್ನ ಒಳಗ ಎತ್ತಿಕೊಂಡು ಹೋಗ್ತಾವೇನು?"

ಹಗರಿಬೊಮ್ಮನಹಳ್ಳಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಕ್ಯಾಮೆರಾ ಕೆಳಗಿಳಿಸಲಿಲ್ಲ. ಕಿಂಡಿಯ ಪರದೆ ಉರಿಯುತ್ತಿದ್ದಷ್ಟು ಹೊತ್ತೂ ಬ್ಯಾಟರಿ ಕರಗುತ್ತದೆ, ಈ ಕ್ಯಾಮೆರಾದ ದೊಡ್ಡ ದೋಷ ಅದು. ಎರಡನೆಯ ಬ್ಯಾಟರಿ ನನ್ನಲ್ಲಿರಲಿಲ್ಲ. ಊಟದ ಹೋಟೆಲಿನಲ್ಲಿ ಚಾರ್ಜಿಗೆ ಹಾಕಿದೆವು. ಮೊದಲ ರೊಟ್ಟಿ ಮುಗಿಯುವುದರೊಳಗೆ ಕರೆಂಟ್ ಹೋಯಿತು. "ಇನ್ನು ಸಂಜಿತನಕ ಬರಾಂಗಿಲ್ರಿ" ಎಂದರು ಮಾಲೀಕರು. ಇದ್ದಷ್ಟನ್ನು ಹೊತ್ತು ಮುಳುಗುವವರೆಗೆ ಉಳಿಸೋಣವೆಂದು ನಾನೇ ಆರಿಸಿ ಚೀಲಕ್ಕೆ ಹಾಕಿದೆ. ಖಾದರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ.

ಹಂಪಸಾಗರಕ್ಕೆ ಆಟೋದಲ್ಲಿ ಹೋದೆವು. ತುಂಗಭದ್ರೆಯ ಹಿನ್ನೀರು ದಂಡೆಯ ಜಾಲಿಯವರೆಗೆ ಬಂದಿತ್ತು. ಮುಳುಗುವ ಸೂರ್ಯನನ್ನು ಅವನು ತನ್ನ ಕೊಳವೆಯಲ್ಲೇ ಹಿಡಿದು ನೋಡಿದ. ಸೂರ್ಯ ಇಳಿದ ಮೇಲೆ ನನ್ನ ಕಣ್ಣಿಗೆ ನೀರು ಬೂದಿಯಾಯಿತು. ಖಾದರನಿಗೆ ನನ್ನ ತೋಳಷ್ಟೇ ಗೊತ್ತು. ಆಗ ಕ್ಯಾಮೆರಾ ಹಚ್ಚಿ ಕೊಟ್ಟೆ. ಕತ್ತಲಲ್ಲಿ ಅದು ಇರುವಷ್ಟು ಬೆಳಕನ್ನು ಹಿಗ್ಗಿಸಿ ತೋರಿಸುತ್ತದೆ. ಚಿತ್ರ ಒರಟಾಗುತ್ತದೆ, ಚಲನೆ ಚೂರು ಹಿಂದೆ ಬೀಳುತ್ತದೆ.

"ಕೆಂಪಗೈತಿ ಇನ್ನೂ. ನೀರು ರವಾ ಚೆಲ್ಲಿದಂಗ ಕಾಣ್ತೈತಿ. ಹಕ್ಕಿ ಹೊಂಟಾವು, ತಡದು ತಡದು ಹಾರ್ತಾವು."

ನನಗೆ ಹಕ್ಕಿಗಳು ಕಾಣಲಿಲ್ಲ. ಹಚ್ಚಿ ಕೊಡುವಾಗಲೇ ಬ್ಯಾಟರಿಯ ಗುರುತು ಕೆಂಪಾಗಿತ್ತು. ಅಷ್ಟರಲ್ಲಿ ಅವನು ಲೆನ್ಸನ್ನು ನನ್ನ ಕಡೆ ತಿರುಗಿಸಿದ.

"ನೀರಿನ ಕಡಿ ನೋಡಲೇ, ಇನ್ನೇನು ಆರತೈತಿ."

"ಸುಮ್ನ ನಿಂದ್ರು. ನಿನ್ನ ಮಾರಿ ಪೂರಾ ನೋಡಿ ಎಷ್ಟು ವರ್ಷ ಆತು. ಒಮ್ಮಿ ಮೂಗು, ಒಮ್ಮಿ ಬಾಯಿ. ಬಾಯಿ ಅಂತೂ ಸಾಕಾಗೈತಿ."

"ಈಗ?"

"ಕಾಲತನಕ ಅದೀ. ಹಿಂದ ನೀರೈತಿ." ಲೆನ್ಸನ್ನು ಚೂರು ಮೇಲೆತ್ತಿ, "ತಲಿ ಯಾವಾಗಲೇ ಇಷ್ಟು ಬೆಳ್ಳಗಾತು? ನನಗ್ಯಾರೂ ಹೇಳಲಿಲ್ಲ" ಎಂದ.

ಪರದೆ ಆರಿತು. ಅವನು ಕ್ಯಾಮೆರಾವನ್ನು ಕಣ್ಣಿನಿಂದ ತೆಗೆಯಲಿಲ್ಲ. ಕೊನೆಗೆ ಮೊಣಕೈ ಹಿಡಿದು ದಂಡೆ ಹತ್ತಿಸಿದೆ. ಹಗರಿಬೊಮ್ಮನಹಳ್ಳಿಯ ಲಾಡ್ಜಿನಲ್ಲಿ ಮಲಗುವ ಮುನ್ನ ಬ್ಯಾಟರಿಯನ್ನು ಅವನೇ ತಡವರಿಸಿ ಗೋಡೆಗೆ ಸಿಕ್ಕಿಸಿದ.

ಮರುದಿನ ಬಳಸುದಾರಿಯಲ್ಲಿ ಮರಳುವಾಗ ಹಡಗಲಿಯ ನಿಲ್ದಾಣದಲ್ಲಿ ಮಲ್ಲಿಗೆ ಮಾರುವ ಹೆಂಗಸಿನ ಮೇಲೆ ಅವನ ಕ್ಯಾಮೆರಾ ನಿಂತಿತು. ಆಕೆ ಸಿಟ್ಟಾದಳು. "ತೆಗಿಯಾಕ ಹತ್ತಿಲ್ಲವ್ವ, ನೋಡಾಕ ಹತ್ತೀನಿ" ಎಂದ.

"ನೋಡಾಕ ಕಣ್ಣಿಲ್ಲೇನು?"

"ಅದಾವ, ಸಾಲಂಗಿಲ್ಲ."

"ಹಂಗಾರ ಹೂವಾ ನೋಡು. ನನ್ನೇನು ನೋಡ್ತಿ" ಎಂದು ಬುಟ್ಟಿ ಎತ್ತಿ ಹಿಡಿದಳು. ಶಮೀಮ್‌ಗೆಂದು ಒಂದು ಮೊಳ ಕೊಂಡೆವು.

ಹರಪನಹಳ್ಳಿಯಲ್ಲಿ ದಾರಿ ಬೇರೆಯಾಯಿತು: ನನಗೆ ದಾವಣಗೆರೆ ಬಸ್ಸು, ಅವನಿಗೆ ಕೊಟ್ಟೂರಿನದು. ಕೊಟ್ಟೂರಿನಲ್ಲಿ ಇಳಿಸಿಕೊಳ್ಳಲು ತಮ್ಮ ಬರುತ್ತಿದ್ದ. ಕಾಯುತ್ತ ಕ್ಯಾಮೆರಾದ ಚಿತ್ರಗಳನ್ನು ನೋಡಿದೆ. ಹಂಪಸಾಗರದ್ದು ಒಂದೂ ಇರಲಿಲ್ಲ. ಅವನು ಗುಂಡಿಯನ್ನೇ ಒತ್ತಿರಲಿಲ್ಲ. ಆ ಸಂಜೆಗೂ ಮುಂದೆ ನಮ್ಮಿಬ್ಬರ ಮಾತೇ ಸಾಕ್ಷಿ. ಬಸ್ಸು ಬಂದಾಗ ಕ್ಯಾಮೆರಾ ಚೀಲವನ್ನು ಅವನ ಹೆಗಲಿಗೆ ಹಾಕಿದೆ.

"ಇಟ್ಕೋ."

ಅವನು ತೆಗೆದು ತಿರುಗಿ ನನ್ನ ಕೊರಳಿಗೇ ಹಾಕಿದ. "ಇದನ್ನ ಇಲ್ಲಿಟ್ರ ನೀ ಮತ್ತ ಯಾಕ ಬರ್ತಿ?"

ಕಿಟಕಿ ಪಕ್ಕ ಕೂತು ಈ ಕಡೆ ಮುಖ ಮಾಡಿದ. ಬಸ್ಸು ಹೊರಟಾಗ ಕೈ ಎತ್ತಿದೆ. ಪಕ್ಕದಲ್ಲಿ ಬೀಸುವ ಕೈ ಅವನಿಗೆ ಕಾಣದೆಂದು ಹೊಳೆದು ಇಳಿಸಿದೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಅವನ ಕೊಳವೆಯಿಂದ ಜಾರಿಹೋಗದಂತೆ ಆ ಕಿಟಕಿಯತ್ತಲೇ ಮುಖ ಮಾಡಿ ಅಲ್ಲಾಡದೆ ನಿಂತೆ.