ಅಕ್ಕನ ಕಿಟಕಿಯ ಕೆಳಗಿನ ಕಟ್ಟೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಟಾಲಿಗಂಜ್‌ನ ಇದೇ ಓಣಿಯ ತಿರುವಿನಲ್ಲಿತ್ತು. ಈಗ ಅಲ್ಲಿ ಲಿಫ್ಟ್ ಇರುವ ಕಟ್ಟಡ ಎದ್ದಿದೆ. ಆಗ ಅದು ಹಸಿರು ಕಿಟಕಿಯ ಬಾಡಿಗೆ ಮನೆ. ಮೈಸೂರಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಗಂಡು ಮಗು ಹುಟ್ಟಿತು, ಆದರೆ ಅಕ್ಕನಿಗೆ ತುಂಬ ರಕ್ತ ಹೋಯಿತು. ಕಡೇಪಕ್ಷ ಮೂರು ವರ್ಷ ಇನ್ನೊಂದು ಮಗು ಬೇಡ, ಮೈ ತಾಳುವುದಿಲ್ಲ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಅದಕ್ಕೆ ಏನು ಮಾಡಬೇಕೆಂದು ಅವರೂ ಹೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಅಂಗಡಿಯಾಗಲಿ ಆಸ್ಪತ್ರೆಯಾಗಲಿ, ‘ಆಮೇಲೆ ಏನು’ ಎಂದು ಕೇಳದೆ ಎದ್ದು ಬರಬೇಡಿ ಮಕ್ಕಳೇ. ಸಿಯಾಲ್ದಾದ ಫುಟ್‌ಪಾತಿನಲ್ಲಿ ಚಾದರ ಮಾರಿ ಮೇಲೆ ಬಂದವನು ನಾನು. ಆದರೆ ಈ ಬುದ್ಧಿ ಅಲ್ಲಿ ಬಂದದ್ದಲ್ಲ.

ಅವತ್ತು ಮಧ್ಯಾಹ್ನ ಮಳೆ ನಿಂತು ಬೆವರು ಕಿತ್ತುಕೊಂಡು ಬರುತ್ತಿತ್ತು. ಅಮ್ಮ ಅಕ್ಕನಿಗೆ ಎಣ್ಣೆನೀರು ಹಾಕಿ, ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದಿದ್ದಳು. ಪಕ್ಕದ ಮನೆಯಿಂದ ಸಾಸಿವೆಯೆಣ್ಣೆಯಲ್ಲಿ ಮೀನು ಹುರಿಯುವ ವಾಸನೆ, ದೂರದಲ್ಲಿ ಟ್ರಾಮಿನ ಗಂಟೆ. ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಪಾಡಾದ, ಅಂದರೆ ನಮ್ಮ ಕೇರಿಯ ಗಂಡಸರು ಎಂದಿನಂತೆ ಅಡ್ಡಾ ಹರಟೆ ಹೊಡೆಯುತ್ತ, ಫುಟ್‌ಬಾಲಿನ ಮಾತಾಡುತ್ತ ಕೂತಿದ್ದರು.

ಆಗ ಬಂದಳು ನೀಲಿ ಅಂಚಿನ ಸೀರೆಯ ದೀದಿ. ಮಗು ಯಾವಾಗ ಬೇಕು, ಎಷ್ಟು ಅಂತರ ಬಿಡಬೇಕು, ಅದಕ್ಕೇನು ದಾರಿ ಎಂದು ಗಂಡ ಹೆಂಡತಿಯರಿಗೆ ತಿಳಿಸಿ ಹೇಳುವುದು ಅವಳ ಕೆಲಸ. ವಾರಕ್ಕೊಮ್ಮೆ ಶಾಲೆಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದಳು. ನಮ್ಮಲ್ಲಿ ಬಾಣಂತಿಯ ಕೋಣೆಗೆ ಹೊರಗಿನವರು ಕಾಲಿಡುವಂತಿಲ್ಲ, ಬಾಣಂತಿಯೂ ಐದು ತಿಂಗಳು ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ದೀದಿ ಓಣಿಯಲ್ಲೇ ನಿಂತು ಕಿಟಕಿಯಿಂದ ಮಾತಾಡಬೇಕಾಯಿತು.

“ಕೇಳು ಮಗಳೇ,” ಎಂದು ಅವಳು ದನಿ ತಗ್ಗಿಸಿದಳು. ಅಕ್ಕ ಒದ್ದೆಗೂದಲಲ್ಲೇ ಸರಳಿಗೆ ಮುಖವೊತ್ತಿ ನಿಂತಳು. ಕಟ್ಟೆಯ ಮೇಲಿನ ಫುಟ್‌ಬಾಲು ತಣ್ಣಗಾಯಿತು.

“ದೀದಿ, ನಮಗೂ ಸ್ವಲ್ಪ ಸಲಹೆ ಕೊಡಿ,” ಎಂದ ಒಬ್ಬ.

“ನಿನಗೆ ಒಂದೇ ಸಲಹೆ. ಎದ್ದು ಕೆಲಸಕ್ಕೆ ಹೋಗು.”

ಎಲ್ಲರೂ ನಕ್ಕರು. ಕೆಟ್ಟವರಲ್ಲ ಅವರು, ಅಕ್ಕನನ್ನು ಎತ್ತಿ ಆಡಿಸಿದವರೇ. ಆದರೆ ಅಕ್ಕ ಕೆಂಪಾಗಿ ಹಿಂದೆ ಸರಿದಳು. ಅಮ್ಮ ಬಂದು ಕಿಟಕಿ ಎಳೆದುಕೊಂಡಳು. “ಶಾಲೆಯ ಕೋಣೆಗೇ ಬಾ, ಬಾಗಿಲು ಹಾಕಿ ಮಾತಾಡೋಣ,” ಎಂಬ ದೀದಿಯ ಮಾತು ಹಲಗೆಯ ಸಂದಿಯಿಂದ ಒಳಗೆ ಬಂತು.

“ಐದು ತಿಂಗಳು ತುಂಬಲಿ, ನೋಡೋಣ,” ಎಂದಳು ಅಮ್ಮ.

ಐದು ತಿಂಗಳು ತುಂಬಿದ ವಾರವೇ ಭಾವ ಟಿಕೆಟ್ ಹಿಡಿದುಕೊಂಡು ಬಂದರು. ಹೊರಡುವ ದಿನ ಅಕ್ಕ ಅಪ್ಪನನ್ನು ಕೇಳಿದಳು, “ಅಪ್ಪ, ಆ ದೀದಿ ಹತ್ರ ಒಂದ್ಸಲ ಹೋಗಿ ಬರ್ಲಾ?”

ಅಪ್ಪ ಮಗಳನ್ನು ಪ್ರಾಣದಂತೆ ನೋಡಿಕೊಂಡವರು. ಆದರೂ ಅಂದರು, “ಕೊಟ್ಟ ಹೆಣ್ಣಮ್ಮ ನೀನು. ಆ ಮನೆಯವರನ್ನ ಕೇಳ್ದೆ ನಾವು ತೀರ್ಮಾನ ಮಾಡೋಕಾಗತ್ತಾ? ಅವರೇ ಬಂದಿದಾರಲ್ಲ, ಕೇಳು.”

ಅಕ್ಕ ಹೊರಗೆ ನೋಡಿದಳು. ಭಾವ ಅದೇ ಕಟ್ಟೆಯ ಮೇಲೆ ಅಡ್ಡಾದವರ ನಡುವೆ ಟೀ ಕುಡಿಯುತ್ತಿದ್ದರು. ಅಷ್ಟು ಜನರೆದುರು ಹೇಗೆ ಕೇಳುವುದು? ಅವಳು ಮಗುವಿನ ಬಟ್ಟೆ ಮಡಿಸತೊಡಗಿದಳು.

ಮರುವರ್ಷವೇ ಅಕ್ಕ ಮತ್ತೆ ಬಸುರಾದಳು. ಆ ಹೆರಿಗೆಯಲ್ಲಿ ಅವಳೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಅಪ್ಪ ಮೈಸೂರಿಗೆ ಹೋಗಿ ದೊಡ್ಡ ಮಗುವನ್ನು ಎತ್ತಿಕೊಂಡು ಬಂದರು. ನಮ್ಮ ಮನೆಯಲ್ಲೇ ಬೆಳೆದ ಅವನೇ ನೀವು ದೊಡ್ಡಪ್ಪ ಎಂದು ಕರೆಯುವವನು. ಅಪ್ಪ ಅವನನ್ನು ಎತ್ತಿಕೊಂಡು ಓಣಿಗೆ ಬಂದಾಗ ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಎದುರು ಬದಿಗೆ ಹೋಗಿ ನಿಂತರು. ಆಮೇಲೆ ಆ ಕಿಟಕಿಯ ಕೆಳಗೆ ಯಾರೂ ಕೂರಲಿಲ್ಲ.

ನಿಮ್ಮ ಕಾಲ ಬೇರೆ. ನಿಮ್ಮಿಬ್ಬರ ನಡುವೆ ನಾಲ್ಕು ವರ್ಷದ ಅಂತರವಿದೆ. ನಿಮ್ಮ ಅಪ್ಪ ಅಮ್ಮ ಜೊತೆಯಾಗಿ ಮೆಟ್ರೋ ಪಕ್ಕದ ಕ್ಲಿನಿಕ್ಕಿಗೆ ಹೋಗಿ, ಕೇಳಿ, ಬರುವಾಗ ಫುಚ್ಕಾ ತಿಂದು ಬರುತ್ತಾರೆ. ಎಲ್ಲ ಮನೆಗಳೂ ಇನ್ನೂ ಹಾಗಾಗಿಲ್ಲ. ಅದಕ್ಕೇ ಪಾಡಾದ ಕ್ಲಬ್ಬಿನವರ ಜೊತೆ ಚೌಕಾಸಿ ಮಾಡಿ ಕ್ಲಬ್ಬಿನ ಹಿಂದಿನ ಕೋಣೆ ಬಿಡಿಸಿಕೊಂಡೆ. ಈಗಿನ ದೀದಿ ವಾರಕ್ಕೊಂದು ಮಧ್ಯಾಹ್ನ ಅಲ್ಲಿ ಕೂರುತ್ತಾಳೆ. “ತಾತಾ, ಇಷ್ಟು ಸೆಕೇಲಿ ಡೋರ್ ಯಾಕೆ ಕ್ಲೋಸ್?” ಎಂದು ನೀವು ಕೇಳಿದಿರಿ. ಕ್ಲಬ್ಬಿನವರ ಹತ್ತಿರ ನಾನು ಎಲ್ಲದರಲ್ಲೂ ಸ್ವಲ್ಪ ಬಿಟ್ಟುಕೊಟ್ಟೆ, ಬಾಗಿಲಿನ ವಿಷಯದಲ್ಲಿ ಮಾತ್ರ ಇಲ್ಲ.

ಒಳಗೆ ಯಾರಾದರೂ ಹೋದರೆ ನಾನು ಎದುರು ಬದಿಗೆ ಹೋಗಿ ನಿಲ್ಲುತ್ತೇನೆ. ನೀವೂ ಅಲ್ಲಿಗೇ ಬನ್ನಿ.